ಗಾಳದ ಮೀನುಗಾರಿಕೆಗೆ ಜೆಟ್ ದೋಣಿ ಕೊಳ್ಳುವ ಮುನ್ನ ನಮ್ಮ ಕಥೆ ಕೇಳಿ

ಗೋವಾದ ವಾಸ್ಕೋ, ವೆರ್ಣಾ, ಮಡಗಾಂವ್ ಕಡೆಯ ನಮ್ಮ ಕನ್ನಡದವರಲ್ಲಿ ಭಾನುವಾರ ಬಂದರೆ ಗಾಳ ಹಿಡಿದು ನದಿಗೆ ಹೊರಡುವವರು ಅನೇಕರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾರಾದರೂ ಹಳೆಯ ಜೆಟ್ ದೋಣಿ ತೋರಿಸಿ "ಪ್ರೊಪೆಲ್ಲರ್ ಇಲ್ಲ, ಮೊಣಕಾಲುದ್ದ ನೀರಿನಲ್ಲೂ ಓಡುತ್ತದೆ, ಮೀನು ಹಿಡಿಯಲು ಹೇಳಿ ಮಾಡಿಸಿದ್ದು" ಎಂದರೆ ದಯವಿಟ್ಟು ಮುಂಗಡ ಕೊಡಬೇಡಿ. ನಾನು ಮತ್ತು ಭಾವ ಇದೇ ಮಾತು ನಂಬಿ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಕೊಟ್ಟೆವು. ಹಣ ಹೋದದ್ದನ್ನು ಸಹಿಸಬಹುದು. ಭಾವನ ಹನ್ನೊಂದು ವರ್ಷದ ಮಗನನ್ನು ಕೂರಿಸಿಕೊಂಡು ಕುಂಭಾರಜುವೆ ಕಾಲುವೆಯಲ್ಲಿ ಕಳೆದ ಆ ಒಂದೂವರೆ ಗಂಟೆಯನ್ನು ನೆನೆದರೆ ನನಗೆ ಇಂದಿಗೂ ಕೈ ತಣ್ಣಗಾಗುತ್ತದೆ.

ಆ ದೋಣಿ ಮೊದಲು ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತಾಡಿಸುತ್ತಿತ್ತು. ಮಾರುವವರು ನಮ್ಮನ್ನು ಜುವಾರಿ ನದಿಯ ಅಗಲವಾದ, ಆಳವಾದ ಜಾಗಕ್ಕೆ ಕರೆದೊಯ್ದು ಪೂರ್ಣ ವೇಗದಲ್ಲಿ ಓಡಿಸಿ ತೋರಿಸಿದರು. ಕತ್ತರಿಸಿದಂತೆ ತಿರುಗಿತು, ತಟ್ಟನೆ ನಿಂತಿತು. ನಾವು ಮೆಚ್ಚಿಕೊಂಡೆವು. ನಿಧಾನವಾಗಿ ಓಡಿಸಿ ತೋರಿಸಿ ಎಂದು ಕೇಳಬೇಕೆಂಬುದೇ ನಮಗೆ ಹೊಳೆಯಲಿಲ್ಲ. ನಮ್ಮ ತಪ್ಪು ಆಗಿದ್ದು ಅಲ್ಲಿಯೇ.

ಜೆಟ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹೇಳಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ದೋಣಿಯ ತಳದಲ್ಲಿ ಸರಳುಗಳ ಜಾಲರಿ ಹೊದಿಸಿದ ಒಂದು ಬಾಯಿ ಇರುತ್ತದೆ. ಒಳಗೆ ತಿರುಗುವ ಇಂಪೆಲ್ಲರ್, ಅಂದರೆ ಅಲಗುಗಳಿರುವ ಚಕ್ರ, ಆ ಬಾಯಿಯಿಂದ ನೀರನ್ನು ಹೀರಿ ಹಿಂದಿನ ಕೊಳವೆಯಿಂದ ರಭಸವಾಗಿ ಚಿಮ್ಮಿಸುತ್ತದೆ. ಆ ಚಿಮ್ಮುವಿಕೆಯೇ ದೋಣಿಯನ್ನು ಮುಂದೆ ತಳ್ಳುತ್ತದೆ, ಕೊಳವೆಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರೆ ದೋಣಿಯೂ ತಿರುಗುತ್ತದೆ. ಬೇರೆ ಚುಕ್ಕಾಣಿ ಇಲ್ಲ. ಎಂಜಿನ್‌ನ ವೇಗ ಇಳಿಸಿದರೆ ನೀರು ಚಿಮ್ಮುವುದು ಕಡಿಮೆಯಾಗುತ್ತದೆ, ದಿಕ್ಕಿನ ಹಿಡಿತವೂ ಅದರೊಂದಿಗೇ ಹೋಗುತ್ತದೆ. ಎದುರಿಗೆ ಏನಾದರೂ ಬಂದರೆ ಯಾರೇ ಆದರೂ ಮೊದಲು ವೇಗ ಇಳಿಸುತ್ತಾರಲ್ಲವೇ? ಜೆಟ್‌ನಲ್ಲಿ ಹಾಗೆ ಮಾಡಿದ ಕೂಡಲೇ ದೋಣಿ ತಿರುಗುವುದನ್ನು ಬಿಟ್ಟು ನೇರವಾಗಿ ಜಾರುತ್ತದೆ. ಎರಡನೆಯ ವಾರವೇ ಬಲೆ ಎಳೆಯುತ್ತಿದ್ದ ಒಂದು ನಾಡದೋಣಿಗೆ ಹೀಗೆ ಗುದ್ದುವುದರಲ್ಲಿದ್ದೆವು. ಎರಡು ಮಾರು ಅಂತರದಲ್ಲಿ ತಪ್ಪಿತು.

ಇನ್ನು ಮೀನಿನ ವಿಷಯ. ಇಲ್ಲಿ ಗಾಳದವರಿಗೆ ಎಲ್ಲಕ್ಕಿಂತ ಆಸೆಯ ಮೀನು ಚೊಣಕ್. ಅದು ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ, ನೀರು ಹರಿದುಬರುವ ಕಡೆಗೆ ಮುಖಮಾಡಿ ಹೊಂಚು ಹಾಕಿರುತ್ತದೆ. ದಡದಿಂದ ಹದಿನೈದು ಇಪ್ಪತ್ತು ಅಡಿ ದೂರದಲ್ಲಿ ದೋಣಿಯನ್ನು ಸದ್ದಿಲ್ಲದೆ ತೇಲಿಸುತ್ತಾ ಲೂರ್ ಅನ್ನು, ಅಂದರೆ ಗಾಳದ ನಕಲಿ ಮೀನನ್ನು, ಬೇರಿನ ಪಕ್ಕಕ್ಕೇ ಎಸೆಯಬೇಕು. ನಮ್ಮ ದೋಣಿ ಒಂದು ಕ್ಷಣವೂ ಹೀಗೆ ನಿಲ್ಲುತ್ತಿರಲಿಲ್ಲ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ. ನಿಲ್ಲಿಸಬೇಕೆಂದರೆ ಕೊಳವೆಯ ಹಿಂದಿನ ಮುಚ್ಚಳವನ್ನು ಅರ್ಧ ಇಳಿಸಿ, ಅರ್ಧ ನೀರು ಹಿಂದಕ್ಕೆ, ಅರ್ಧ ಮುಂದಕ್ಕೆ ಹೋಗುವಂತೆ ಮಾಡಬೇಕು. ಆಗ ತಳದ ನೀರೆಲ್ಲ ಕದಡಿ ರಾಡಿಯಾಗುತ್ತದೆ. ತಳದಲ್ಲಿ ನೀರನ್ನು ಸೀಳಿ ಹಿಡಿಯುವ ಯಾವ ಭಾಗವೂ ಇಲ್ಲದ್ದರಿಂದ ಸಣ್ಣ ಗಾಳಿಗೂ ಮೂತಿ ಪಕ್ಕಕ್ಕೆ ಸರಿಯುತ್ತದೆ. ಒಬ್ಬರು ಚಕ್ರ ಹಿಡಿದು ಕುಳಿತೇ ಇರಬೇಕು, ಗಾಳ ಹಾಕುವುದು ಇನ್ನೊಬ್ಬರು ಮಾತ್ರ. ನಾಲ್ಕು ಭಾನುವಾರ ಹೋದೆವು, ಒಂದು ಚೊಣಕ್ ಸಹ ಸಿಗಲಿಲ್ಲ. ಅರ್ಧ ದಿನಕ್ಕೆ ಇಪ್ಪತ್ತೆಂಟು ಲೀಟರ್ ಪೆಟ್ರೋಲ್ ಹೋಗುತ್ತಿತ್ತು. ದೋಣಿಯ ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಸಣ್ಣ ಔಟ್‌ಬೋರ್ಡ್ ಎಂಜಿನ್ ಇರುವ ನನ್ನ ಸಹೋದ್ಯೋಗಿ ಅದೇ ಜಾಗಕ್ಕೆ ಆರು ಲೀಟರ್‌ನಲ್ಲಿ ಹೋಗಿಬರುತ್ತಾರೆ.

ಐದನೆಯ ಭಾನುವಾರ ಆ ಘಟನೆ ನಡೆಯಿತು. ಮಾಂಡವಿಯನ್ನೂ ಜುವಾರಿಯನ್ನೂ ಕೂಡಿಸುವ ಕುಂಭಾರಜುವೆ ಕಾಲುವೆಗೆ ಬೆಳಗ್ಗೆ ಉಬ್ಬರದಲ್ಲಿ ಒಳಹೊಕ್ಕೆವು. ಹತ್ತು ಗಂಟೆಗೆ ಇಳಿತ ಶುರುವಾಯಿತು. ನೀರು ತಗ್ಗುತ್ತಿದೆ ಎಂದು ನಾನು ಅಂದಾಗ ಭಾವ, "ಜೆಟ್ ಅಲ್ಲವೇ, ಏನಾಗುತ್ತದೆ" ಎಂದರು. ತಗ್ಗು ನೀರಿನಲ್ಲಿ ಓಡುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ದೋಣಿ ವೇಗ ಹಿಡಿದು ಮೇಲೆದ್ದು ಜಾರುವಾಗ ಮಾತ್ರ ಅದು ಸರಿ. ನಿಧಾನವಾದ ಕೂಡಲೇ ದೋಣಿ ಕೆಳಗೆ ಕೂರುತ್ತದೆ, ತಳದ ಬಾಯಿ ಕೆಸರಿಗೆ ಹತ್ತಿರವಾಗುತ್ತದೆ, ಅಲ್ಲಿ ಏನಿದೆಯೋ ಅದನ್ನೆಲ್ಲ ಹೀರುತ್ತದೆ. ಸುಮಾರು ಮೂರಡಿ ನೀರಿಲ್ಲದ ಕಡೆ ಎಂಜಿನ್ ಚಾಲೂ ಮಾಡಲೇಬಾರದು. ಗಾಳದವರಾದ ನಾವೋ ದಿನವಿಡೀ ಇರುವುದು ನಿಧಾನದಲ್ಲೇ, ದಡದ ಪಕ್ಕದಲ್ಲೇ.

ತಳದಿಂದ ಕರಕರ ಸದ್ದು ಬಂತು. ದೋಣಿ ಒಮ್ಮೆ ನಡುಗಿತು. ಎಂಜಿನ್ ಅಬ್ಬರಿಸುತ್ತಿದೆ, ದೋಣಿ ಮಾತ್ರ ಕದಲುತ್ತಿಲ್ಲ. ಭಾವ ಎಂಜಿನ್ ಆರಿಸಿದರು. ಇಳಿತದ ಸೆಳೆತ ನಮ್ಮನ್ನು ಅಡ್ಡಡ್ಡಲಾಗಿ ತಿರುಗಿಸಿ, ಕಂಬ ನೆಟ್ಟು ಬಲೆ ಕಟ್ಟಿದ್ದ ಕಡೆಗೆ ಒಯ್ಯತೊಡಗಿತು. ಲಂಗರು ಎಸೆದೆ, ಮೆತ್ತನೆಯ ಕೆಸರಿನಲ್ಲಿ ಅದು ಎರಡು ಸಲ ಕಿತ್ತು ಬಂತು. ಮೂರನೆಯ ಸಲ ಹಿಡಿಯಿತು. ಸಿಕ್ಕಿಕೊಂಡದ್ದನ್ನು ಕೀಳಬೇಕೆಂದರೆ ನೀರಿಗಿಳಿದು ದೋಣಿಯ ಅಡಿಗೆ ಕೈ ಹಾಕಬೇಕು. ಆ ಕಾಲುವೆಯಲ್ಲಿ ಮೊಸಳೆಗಳಿವೆ. ಬೆಳಗ್ಗೆಯಷ್ಟೇ ಕೆಸರಿನ ದಂಡೆಯ ಮೇಲೆ ಮಲಗಿದ್ದ ಒಂದನ್ನು ಹುಡುಗನಿಗೆ ಬೆರಳು ಮಾಡಿ ತೋರಿಸಿದ್ದೆ. ಭಾವ ಅಂಗಿ ಬಿಚ್ಚಲು ಹೋದಾಗ ಹುಡುಗ ಅವರ ಸೊಂಟವನ್ನು ತಬ್ಬಿಕೊಂಡು ಬಿಡಲೇ ಇಲ್ಲ. "ಮಾಮಾ, ನೀವಾದರೂ ಹೇಳಿ" ಎಂದು ನನ್ನತ್ತ ನೋಡಿದ ಅವನ ಮುಖ ನನಗೆ ಮರೆಯುವುದಿಲ್ಲ. ಮೂವರೂ ಜೀವರಕ್ಷಕ ಜಾಕೆಟ್ ತೊಟ್ಟಿದ್ದೆವು, ಆದರೆ ದೋಣಿಯಲ್ಲಿ ಒಂದು ಜೊತೆ ಹುಟ್ಟೂ ಇರಲಿಲ್ಲ.

ಒಂದೂವರೆ ಗಂಟೆಯ ಮೇಲೆ ಒಬ್ಬ ಹಿರಿಯರು ಸಣ್ಣ ದೋಣಿಯಲ್ಲಿ ಬಂದರು. ನಮ್ಮ ಬಳಿ ಬರುವಷ್ಟರಲ್ಲಿ ಅವರ ಪ್ರೊಪೆಲ್ಲರಿಗೂ ಏನೋ ಸುತ್ತಿಕೊಂಡಿತು. ಅವರು ಎಂಜಿನ್ ಆರಿಸಿ, ಅದನ್ನು ಹಿಂದಿನಿಂದ ಮೇಲಕ್ಕೆ ಮಗುಚಿ, ಪ್ರೊಪೆಲ್ಲರಿನಿಂದ ಪ್ಲಾಸ್ಟಿಕ್ ಪಟ್ಟಿಯನ್ನು ಕೈಯಿಂದ ಬಿಚ್ಚಿ ದೋಣಿಯೊಳಗೆ ಎಸೆದು, ಮತ್ತೆ ಇಳಿಸಿ ಚಾಲೂ ಮಾಡಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ನಮಗೆ ಹಗ್ಗ ಕಟ್ಟುತ್ತಾ ಅವರು ಕೊಂಕಣಿಯಲ್ಲಿ ಕೇಳಿದ್ದು ಒಂದೇ ಮಾತು: "ನಿಮ್ಮ ಎಂಜಿನ್ ಎತ್ತಲು ಬರುವುದಿಲ್ಲವೇ?" ಜುವಾರಿಯ ದಡದವರೆಗೆ ಎಳೆದು ತಂದರು. ಹಣ ಕೊಡಲು ಹೋದರೆ ಪೆಟ್ರೋಲಿನಷ್ಟನ್ನೇ ತೆಗೆದುಕೊಂಡರು.

ವಾಸ್ಕೋದಲ್ಲಿರುವ ಗದಗ ಕಡೆಯ ಒಬ್ಬ ಮೆಕ್ಯಾನಿಕ್ ದೋಣಿಯನ್ನು ಟ್ರೇಲರ್ ಮೇಲೆ ಹತ್ತಿಸಿ ಬಿಚ್ಚಿದರು. ಶಾಫ್ಟಿನ ಸುತ್ತ ಹಸಿರು ನೈಲಾನ್ ಹಗ್ಗ ಜಡೆಯಂತೆ ಬಿಗಿದುಕೊಂಡಿತ್ತು. ಕಾವಿಗೆ ಕರಗಿ ಗಾಜಿನಂತೆ ಗಟ್ಟಿಯಾಗಿದ್ದ ಅದನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬೇಕಾಯಿತು. ಅದಕ್ಕಿಂತ ಮುಖ್ಯವಾದದ್ದನ್ನು ಅವರು ಟಾರ್ಚ್ ಹಿಡಿದು ತೋರಿಸಿದರು. ಇಂಪೆಲ್ಲರಿನ ಅಂಚುಗಳು ಹಳೆಯ ಕುಡುಗೋಲಿನಂತೆ ಕಚ್ಚುಕಚ್ಚಾಗಿದ್ದವು. ಅದರ ಸುತ್ತಲಿನ ಉಂಗುರದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. "ಸರ್, ಈ ಎರಡರ ನಡುವೆ ಕೂದಲೆಳೆಯಷ್ಟೇ ಜಾಗ ಇರಬೇಕು. ಮರಳು ತಿಂದು ತಿಂದು ಇಷ್ಟಾಗಿದೆ. ಇದು ನಿಮ್ಮ ಐದು ವಾರದ್ದಲ್ಲ, ಮೊದಲಿನದೇ," ಎಂದರು. ಆ ಸಂದು ಹೆಚ್ಚಿದಷ್ಟೂ ನೀರು ಹಿಂದಕ್ಕೆ ಸೋರಿ ತಳ್ಳುವ ಬಲ ಕುಂದುತ್ತದೆ. ರಿಪೇರಿಗೆ ಅರವತ್ತೆಂಟು ಸಾವಿರ ಎಂದರು.

ಜೆಟ್ ಕೆಟ್ಟ ಯಂತ್ರವೆಂದು ನಾನು ಹೇಳುತ್ತಿಲ್ಲ. 1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಇದನ್ನು ಬೆಳೆಸಿದ್ದು ಅಲ್ಲಿನ ರಭಸದ, ತೆಳುವಾಗಿ ಹರಿಯುವ ಕಲ್ಲುಹಾಸಿನ ನದಿಗಳಿಗಾಗಿ. 1960ರಲ್ಲಿ ಅವರ ಜೆಟ್ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೋ ನದಿಯನ್ನು ಪ್ರವಾಹಕ್ಕೆ ಎದುರಾಗಿ ಏರಿದವು. ಅಲಾಸ್ಕಾದಂಥ ಕಡೆ ಇಂದಿಗೂ ಜೆಟ್‌ನಲ್ಲಿ ಮೀನಿಗೆ ಹೋಗುತ್ತಾರೆ. ಬಂಡೆಗೆ ಬಡಿದು ಪ್ರೊಪೆಲ್ಲರ್ ಮುರಿಯುವ ನೀರಿನಲ್ಲಿ ಜೆಟ್ ಸರಿಯೇ, ಔಟ್‌ಬೋರ್ಡ್ ಎಂಜಿನಿಗೆ ಜೆಟ್ ಜೋಡಿಸಿದರೆ ಸುಮಾರು ಶೇಕಡ 30ರಷ್ಟು ಶಕ್ತಿ ಕಳೆದುಹೋದರೂ ಅಲ್ಲಿ ಅದು ಲಾಭವೇ. ಈಜುವವರ ನಡುವೆಯೂ ಬಯಲಿಗೆ ಚಾಚಿದ ಅಲಗುಗಳಿಲ್ಲದ ಯಂತ್ರ ಒಳ್ಳೆಯದು. ನಮ್ಮ ನೀರು ಬೇರೆ. ಖಾನಾಪುರದ ಕಾಡಿನಿಂದ ಮಹದಾಯಿಯಾಗಿ ಹೊರಟು ಇಲ್ಲಿ ಮಾಂಡವಿ ಎನಿಸಿಕೊಳ್ಳುವ ನದಿಯಲ್ಲಾಗಲಿ ಜುವಾರಿಯಲ್ಲಾಗಲಿ ಕೆಳಭಾಗದ ದಡಗಳೆಲ್ಲ ಕೆಸರು, ಕೊಳೆತ ಎಲೆ, ಹರಿದ ಬಲೆ, ಪ್ಲಾಸ್ಟಿಕ್.

ಆದರೂ ಕೊಳ್ಳಲೇಬೇಕೆನ್ನುವವರು ದೋಣಿಯನ್ನು ಮೊದಲು ನೀರಿನಿಂದ ಮೇಲೆ ತೆಗೆಸಿ, ಜಾಲರಿಯೊಳಗೆ ಟಾರ್ಚ್ ಹಾಕಿ ಇಂಪೆಲ್ಲರಿನ ಅಂಚು ನೋಡಿ. ನಡಿಗೆಯ ವೇಗದಲ್ಲಿ, ಗಾಳಿ ಪಕ್ಕದಿಂದ ಬೀಸುವಾಗ, ದಡದುದ್ದಕ್ಕೂ ಅರ್ಧ ಗಂಟೆ ಓಡಿಸಲು ಹೇಳಿ. ಒಳಗಿನಿಂದಲೇ ಕಸ ತೆಗೆಯಲು ಇಂಪೆಲ್ಲರ್ ಇರುವ ಪಂಪಿನ ಮೇಲೆ ಮುಚ್ಚಳವಿದೆಯೇ ಎಂದು ಕೇಳಿ, ನಮ್ಮದರಲ್ಲಿ ಇರಲಿಲ್ಲ. ಹುಟ್ಟು, ಎರಡನೆಯ ಲಂಗರು ಇಲ್ಲದೆ ಹೊರಡಬೇಡಿ. ಲಂಗರಿನ ಹಗ್ಗ ಸಡಿಲವಾಗಿ ನೀರಿನಲ್ಲಿರುವಾಗ ಎಂಜಿನ್ ಚಾಲೂ ಮಾಡಲೇಬೇಡಿ, ತಳದ ಬಾಯಿ ಅದನ್ನೂ ಎಳೆದುಕೊಳ್ಳುತ್ತದೆ.

ದೋಣಿ ಈಗ ಕುಠ್ಠಾಳಿಯಲ್ಲಿ ಪರಿಚಯದವರ ಹಿತ್ತಲಿನಲ್ಲಿ ತಾಡಪಾಲಿನ ಕೆಳಗಿದೆ. ಹೋದ ವಾರ ಮಾಪಸಾದಿಂದ ಒಬ್ಬರು ಗಾಳದ ಮೀನುಗಾರಿಕೆಗೆಂದೇ ಅದನ್ನು ಕೊಳ್ಳಲು ಬಂದಿದ್ದರು, ಜೊತೆಗೆ ಚಿಕ್ಕ ಮಗಳೂ ಇದ್ದಳು. ಭಾವ ಒಳಗಿನಿಂದ ಆ ಹಳೆಯ ಇಂಪೆಲ್ಲರ್ ಅನ್ನೂ ಹಸಿರು ಹಗ್ಗದ ತುಂಡನ್ನೂ ತಂದು ಅವರ ಮುಂದಿಟ್ಟು, ಕುಂಭಾರಜುವೆಯಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳಿದರು. ಅವರು ಇಂಪೆಲ್ಲರಿನ ಅಂಚಿನ ಮೇಲೆ ಬೆರಳಾಡಿಸಿ, ಚಹಾ ಕುಡಿದು, ಮಗಳನ್ನು ಕರೆದುಕೊಂಡು ಹೊರಟರು.