ಸಿಗ್ನಲ್‌ನಲ್ಲಿ ಆಫ್ ಆಗುವ ಕಾರನ್ನು ಘಾಟಿಗೆ ಇಳಿಸಬೇಡಿ

ಕಳೆದ ಮಳೆಗಾಲ ಮುಗಿದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಮೂಡಿಗೆರೆಯಿಂದ ಧರ್ಮಸ್ಥಳಕ್ಕೆ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ತಿರುವಿನಲ್ಲಿ ಗೇರ್ ಬದಲಿಸಲು ಕ್ಲಚ್ ಒತ್ತಿದೆ. ಎಂಜಿನ್ ಆಫ್ ಆಯಿತು. ಬ್ರೇಕ್ ಎರಡು ಸಲ ಹಿಡಿಯಿತು. ಮೂರನೇ ಸಲ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಮೈಯ ಭಾರವೆಲ್ಲ ಹಾಕಿ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿ ಪಕ್ಕ ಹೇಗೋ ನಿಲ್ಲಿಸಿದೆ. ಅಮ್ಮನಿಗೆ ಏನೂ ಆಗಲಿಲ್ಲ. ನನ್ನ ಕೈ ನಡುಕ ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ.

ಇದು ದಿಢೀರನೆ ಆದದ್ದಲ್ಲ. 2004ರ ಸಣ್ಣ ಪೆಟ್ರೋಲ್ ಕಾರು ನನ್ನದು. ಮೂರು ತಿಂಗಳಿಂದ ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ನಿಂತಲ್ಲೇ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 600ಕ್ಕೆ ಇಳಿಯುತ್ತಿತ್ತು, 1500ಕ್ಕೆ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಸಿಗ್ನಲ್‌ನಲ್ಲಿ ಆಫ್ ಆಗುತ್ತಿತ್ತು.

ತೋರಿಸಿದ ಗ್ಯಾರೇಜಿನವರು ಮೊದಲು ಬ್ಯಾಟರಿ ಬದಲಿಸಿದರು. ಆಮೇಲೆ ಸೆಲ್ಫ್ ಮೋಟರ್. ಆಮೇಲೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್. ಒಟ್ಟು 16,800 ರೂಪಾಯಿ. ಹಳೇ ಬ್ಯಾಟರಿಯ ವೋಲ್ಟೇಜ್ ಕೂಡ ಯಾರೂ ನೋಡಲಿಲ್ಲ. ಪೂರ್ತಿ ಚಾರ್ಜ್ ಆಗಿ ಸುಮ್ನೆ ನಿಂತಿರುವ ಒಳ್ಳೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಅದನ್ನು ನೋಡಲು ಒಂದು ಮಲ್ಟಿಮೀಟರ್, ಒಂದು ನಿಮಿಷ ಸಾಕಿತ್ತು. ಕೊನೆಗೆ ಅಂಗೈಯಗಲದ ಸ್ಕ್ಯಾನರ್ ತಂದರು. ಅದು ಕನೆಕ್ಟ್ ಆಗಲಿಲ್ಲ. "ಇಸಿಯು ಹೋಗಿದೆ ಸಾರ್, ಬದಲಿಸಲೇಬೇಕು" ಅಂದರು. ಇಸಿಯು ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್. ನಮ್ಮ ದೇಶದಲ್ಲಿ ಒಬಿಡಿ (ಸ್ಕ್ಯಾನರ್ ಓದುವಂತೆ ಕಾರೇ ತನ್ನ ದೋಷ ಗುರುತಿಸುವ ವ್ಯವಸ್ಥೆ) ಕಡ್ಡಾಯವಾಗತೊಡಗಿದ್ದೇ 2010ರಲ್ಲಿ. ಅದಕ್ಕೂ ಹಳೇ ಕಾರಿಗೆ ಆ ಸ್ಕ್ಯಾನರ್ ಕನೆಕ್ಟ್ ಆಗದಿದ್ದರೆ ಇಸಿಯು ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ದುಡ್ಡಿಲ್ಲದ್ದಕ್ಕೆ ಇಸಿಯು ಮುಂದಕ್ಕೆ ಹಾಕಿದೆ. ಅವರು ಐಡಲಿಂಗ್ (ಕಾರು ನಿಂತಾಗಿನ ಎಂಜಿನ್ ವೇಗ) ಸ್ಕ್ರೂ ತಿರುಗಿಸಿ ಆರ್‌ಪಿಎಂ ಜಾಸ್ತಿ ಮಾಡಿ ಕಳಿಸಿದರು. ರೋಗ ಮುಚ್ಚಿಹೋಯಿತು, ನಾನು ಘಾಟಿಗೆ ಹೊರಟೆ.

ಅವತ್ತು ಕಾರನ್ನು ಟೋ ಮಾಡಿಸಿ ಬಣಕಲ್ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ತಂದೆವು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಬಾನೆಟ್ ಎತ್ತಿ, ಎಂಜಿನ್ ಓಡಿಸಿ, ಬಗ್ಗಿ ಕಿವಿ ಕೊಟ್ಟರು. "ಸುಯ್ ಅಂತಿದೆ, ಕೇಳಿಸ್ತಾ ಸಾರ್?" ಅಂದರು. ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ನಿಂದ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ಗೆ ಹೋಗುವ ರಬ್ಬರ್ ಪೈಪು ಕ್ಲಿಪ್ಪಿನ ಹತ್ತಿರ ಸೀಳಿತ್ತು. ಹೆಬ್ಬೆರಳಿಟ್ಟು ಸೀಳನ್ನು ಒತ್ತಿದರು. ಆರ್‌ಪಿಎಂ ಏರಿಳಿತ ಅಲ್ಲೇ ನಿಂತಿತು. ಬೆರಳು ತೆಗೆದರು, ಮತ್ತೆ ಶುರು.

ಆ ಸೀಳಿನಿಂದ ಎಂಜಿನ್ನಿನ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿಗೆ ನುಗ್ಗುತ್ತಿತ್ತು. ಐಡಲಿಂಗ್ ಕೆಟ್ಟಿದ್ದು ಅದರಿಂದ. ಬ್ರೇಕ್ ಹಗುರವಾಗಿರಲು ಬೇಕಾದ ವ್ಯಾಕ್ಯೂಮ್ (ಗಾಳಿಯ ಎಳೆತ) ಬರುವುದೂ ಅದೇ ಪೈಪಿನಲ್ಲಿ! ಎಂಜಿನ್ ನಿಂತರೆ ಬೂಸ್ಟರ್‌ನಲ್ಲಿ ಉಳಿದದ್ದು ಎರಡು ಮೂರು ಸಲಕ್ಕೆ ಮುಗಿಯುತ್ತದೆ. ಪೈಪಿಗೆ 350 ರೂಪಾಯಿ. ಗಾಳಿ ಒಳಬಿಡುವ ಥ್ರಾಟಲ್ ಬಾಡಿಯಲ್ಲೂ ಐಡಲ್ ವಾಲ್ವ್‌ನಲ್ಲೂ ಕಟ್ಟಿದ್ದ ಮಸಿ ತೊಳೆದು, ಸ್ಕ್ರೂ ಮೊದಲಿನಂತೆ ಮಾಡಿದ್ದಕ್ಕೆ 900. ಇಸಿಯು ಇವತ್ತಿಗೂ ಹಳೆಯದೇ.

ಹಳೇ ಕಾರು ಇಟ್ಟುಕೊಂಡವರು ದಯವಿಟ್ಟು ಮೊದಲು ರಬ್ಬರ್ ಪೈಪುಗಳನ್ನೂ ಬ್ಯಾಟರಿ ಟರ್ಮಿನಲ್ಲನ್ನೂ ನೋಡಿಸಿ. ಯಾವ ಪರೀಕ್ಷೆಯಲ್ಲಿ ಕೆಟ್ಟಿದೆ ಎಂದು ಗೊತ್ತಾಯಿತು ಅಂತ ಕೇಳದೆ ಪಾರ್ಟ್ ಬದಲಿಸಲು ಒಪ್ಪಬೇಡಿ. ಬದಲಿಸಿದರೆ ಹಳೆಯದನ್ನು ಕೇಳಿ ತೆಗೆದುಕೊಳ್ಳಿ. ನನಗೆ ಅದು ಹೊಳೆಯಲೇ ಇಲ್ಲ.

ಇನ್ನೊಂದನ್ನು ಮನೆ ಮುಂದೆಯೇ ನೋಡಬಹುದು. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆಫ್ ಇರಲಿ. ಬ್ರೇಕ್ ಗಟ್ಟಿಯಾಗುವ ತನಕ ಐದಾರು ಸಲ ತುಳಿಯಿರಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯಲಿಲ್ಲವೆಂದರೆ ಆ ಕಾರನ್ನು ಘಾಟಿಗಿರಲಿ, ಮೆಕ್ಯಾನಿಕ್ ನೋಡುವ ತನಕ ರಸ್ತೆಗೂ ಇಳಿಸಬೇಡಿ.