ನಾಪೋಕ್ಲಿನ ಮೂರು ಮಳೆಗಾಲ ಕಂಡ ಆರ್‌ಎಕ್ಸ್ 580

2023ರ ಜನವರಿಯಲ್ಲಿ ಮೈಸೂರಿನ ಒಬ್ಬರ ಹತ್ತಿರ 7,500 ರೂಪಾಯಿಗೆ ಎಎಂಡಿ ರೇಡಿಯಾನ್ ಆರ್‌ಎಕ್ಸ್ 580, 8 ಜಿಬಿ ಗ್ರಾಫಿಕ್ಸ್ ಕಾರ್ಡ್ (ಗೇಮ್‌ನ ಚಿತ್ರಗಳನ್ನು ಪರದೆಗೆ ತರುವ ಕಾರ್ಡ್) ತಗೊಂಡೆ. ಸೆಕೆಂಡ್ ಹ್ಯಾಂಡ್. ಅದು ಇನ್ನೂ ನಮ್ಮ ಮನೆಯಲ್ಲಿ ಓಡುತ್ತಿದೆ. ಗೇಮ್‌ನಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬರುತ್ತದೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕೊಡಗಿನ ನಾಪೋಕ್ಲಿನಂಥ ಜಾಗದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಯಲ್ಲಿ ಹಳೆ ಕಾರ್ಡ್ ಹೇಗೆ ಬಾಳುತ್ತದೆ ಅಂತ ಯಾರೂ ಬರೆದದ್ದು ನನಗೆ ಸಿಗಲಿಲ್ಲ. ಅದಕ್ಕೇ ಇದು.

ನಮ್ಮದು ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್. ಅಪ್ಪ ತೋಟದ ಲೆಕ್ಕ ಬರೆಯಲು ಜೋಡಿಸಿಕೊಂಡ ಸಿಸ್ಟಮ್. ಈ ಕಾರ್ಡ್ ಮಾರುಕಟ್ಟೆಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ಹಣವನ್ನು ಇಂಥ ಕಾರ್ಡ್‌ಗಳಿಂದ ಗಳಿಸುವ ಮೈನಿಂಗ್ ನಿಂತ ಮೇಲೆ, ಅದಕ್ಕೆ ಬಳಸಿದ ಕಾರ್ಡ್‌ಗಳು ರಾಶಿ ರಾಶಿ ಮಾರಾಟಕ್ಕೆ ಬಂದವು. ನನ್ನದೂ ಅಂಥದ್ದೇ ಅಂತ ಮೊದಲ ವಾರದಲ್ಲೇ ಗೊತ್ತಾಯಿತು. ಗೇಮ್ ಶುರು ಮಾಡಿದ ಹತ್ತು ನಿಮಿಷಕ್ಕೆ ಪರದೆ ಕಪ್ಪಾಗುತ್ತಿತ್ತು. ಹಿಂದಿನವರು ಮೈನಿಂಗ್‌ಗೆ ಅಂತ ಕಾರ್ಡಿನ ಬಯಾಸ್ (ಅದು ಹೇಗೆ ಕೆಲಸ ಮಾಡಬೇಕು ಅಂತ ಅದರೊಳಗೇ ಇರುವ ಪ್ರೋಗ್ರಾಮ್) ಬದಲಾಯಿಸಿದ್ದರು. ಕಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಸ್ವಿಚ್ ಇತ್ತು, ಅದನ್ನು ಆಚೆ ತಳ್ಳಿದರೆ ಎರಡನೇ ಬಯಾಸ್, ಅದು ಮೂಲದ್ದು. ಅಷ್ಟಕ್ಕೇ ಸರಿಹೋಯಿತು. ಎಲ್ಲ ಕಾರ್ಡಿನಲ್ಲೂ ಈ ಸ್ವಿಚ್ ಇರುವುದಿಲ್ಲ, ತಗೊಳ್ಳುವ ಮೊದಲು ನೋಡಿಕೊಳ್ಳಿ. ಹಾಗೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ಶೇಡರ್ (ಲೆಕ್ಕ ಮಾಡುವ ಸಣ್ಣ ಘಟಕ) ಸಂಖ್ಯೆ 2304 ಇದೆಯಾ ನೋಡಿ. 2048 ಅಂತ ತೋರಿಸಿದರೆ ಅದು ಹೆಸರಿಗೆ ಮಾತ್ರ 580, ಒಳಗಿರುವುದು 570ರ ತಾಕತ್ತು.

ನಾನು ದೊಡ್ಡ ತಪ್ಪು ಮಾಡಿದ್ದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯ ವಿಷಯದಲ್ಲಿ. ಈ ಕಾರ್ಡ್ 185 ವಾಟ್ ಎಳೆಯುತ್ತದೆ, 8 ಪಿನ್ ವೈರ್ ಬೇಕು. ಕ್ಯಾಬಿನೆಟ್ ಜೊತೆ ಬಂದ ಹಳೆ ಎಸ್‌ಎಂಪಿಎಸ್‌ನಲ್ಲಿ ಆ ವೈರ್ ಇರಲಿಲ್ಲ. ದುಡ್ಡು ಉಳಿಸಲು ಹೋಗಿ ಕನ್ವರ್ಟರ್ ವೈರ್ ಹಾಕಿದೆ. ಮೂರನೇ ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ. ತೆಗೆದು ನೋಡಿದರೆ ಕನೆಕ್ಟರಿನ ಒಂದು ತೂತು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಅವತ್ತೇ 550 ವಾಟ್‌ನ ಒಳ್ಳೆ ಎಸ್‌ಎಂಪಿಎಸ್ ಆರ್ಡರ್ ಮಾಡಿದೆ, 3,800 ರೂಪಾಯಿ. ಹಾಗಾಗಿ ನನ್ನ ಲೆಕ್ಕದಲ್ಲಿ ಈ ಕಾರ್ಡಿನ ಬೆಲೆ 11,300. ಎಸ್‌ಎಂಪಿಎಸ್ ಬದಲಾಯಿಸಲು ಆಗುವುದಿಲ್ಲ ಅನ್ನುವವರು ಜಿಟಿಎಕ್ಸ್ 1650 ನೋಡಿ. ಅದು 75 ವಾಟ್‌ನಲ್ಲಿ ಮುಗಿಯುತ್ತದೆ, ಅದರ ಎಷ್ಟೋ ಮಾದರಿಗಳಿಗೆ ಬೇರೆ ವೈರೇ ಬೇಡ.

ಇನ್ನು ಮಳೆ. 2024ರ ಜುಲೈನಲ್ಲಿ ಹನ್ನೆರಡು ದಿನ ಮನೆಯಲ್ಲಿ ಇರಲಿಲ್ಲ, ಸಿಸ್ಟಮ್ ಯಾರೂ ಹಾಕಿರಲಿಲ್ಲ. ಬಂದು ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಇಲ್ಲ. ಕಾರ್ಡ್ ಬಿಚ್ಚಿದೆ. ಹಿಂದಿನ ಕಬ್ಬಿಣದ ಪಟ್ಟಿಯ ಮೇಲೆ ಕೆಂಪು ತುಕ್ಕಿನ ಚುಕ್ಕಿಗಳು, ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ತಮ್ಮನ ಪೆನ್ಸಿಲ್ ರಬ್ಬರ್ ತಗೊಂಡು ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದೆ, ಪುಡಿಯನ್ನು ಒಣ ಬ್ರಷ್‌ನಲ್ಲಿ ತೆಗೆದೆ. ಆಮೇಲೆ ಅಮ್ಮ ಹೇಳಿದರು, "ನನ್ನ ರೇಷ್ಮೆ ಸೀರೆ ಬೀರುವಿನಲ್ಲಿ ಒಂದು ರಾತ್ರಿ ಇಡು". ಬೂಷ್ಟು ಹಿಡಿಯಬಾರದು ಅಂತ ಮಳೆಗಾಲ ಪೂರ್ತಿ ಆ ಬೀರುವಿನಲ್ಲಿ ಒಂದು ಸಣ್ಣ ಬಲ್ಬ್ ಉರಿಯುತ್ತಿರುತ್ತದೆ. ಸೀರೆಗಳ ಪಕ್ಕದಲ್ಲಿ, ಬಲ್ಬಿಗೆ ತಾಗದ ಹಾಗೆ, ಹತ್ತಿ ಬಟ್ಟೆಯ ಮೇಲೆ ಕಾರ್ಡ್ ಇಟ್ಟೆವು. ಬೆಳಿಗ್ಗೆ ಹಾಕಿದರೆ ಮೊದಲ ಸಲಕ್ಕೇ ಡಿಸ್‌ಪ್ಲೇ ಬಂತು. ನಿಜವಾಗಲೂ ಕಣ್ಣು ತುಂಬಿ ಬಂತು ನನಗೆ.

ಅವತ್ತಿನಿಂದ ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಸಿಸ್ಟಮ್ ಆನ್ ಇರುತ್ತದೆ, ಯಾರೂ ಆಡದಿದ್ದರೂ ಸರಿ. ಒಳಗೆ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ. ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಅಡಿ ಈಚೆ ಇಟ್ಟಿದ್ದೇನೆ. 2025ರ ಮಳೆಗಾಲದಲ್ಲಿ ಒಂದು ಸಲವೂ ಕೈ ಕೊಡಲಿಲ್ಲ.

ಕರೆಂಟ್ ಕಥೆ ಬೇರೆ ಹೇಳಬೇಕಾಗಿಲ್ಲ ಅಲ್ವಾ, ಮರ ಬಿದ್ದರೆ ಎರಡು ದಿನ ಇಲ್ಲ. ಹಳೆ 600 ವಿಎ ಯುಪಿಎಸ್, ಗೇಮ್ ನಡೆಯುವಾಗ ಕರೆಂಟ್ ಹೋದರೆ ಒಮ್ಮೆ ಕಿರುಚಿ ತಾನೂ ಆಫ್ ಆಗುತ್ತಿತ್ತು. ಈಗ 1100 ವಿಎ ಇದೆ, ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿಸಿದ ತಕ್ಷಣ ಪ್ಲಗ್ ಜೊತೆ ಇಂಟರ್‌ನೆಟ್ ವೈರನ್ನೂ ಕಿತ್ತು ಬಿಡಿ.

ಆಟದ ವಿಷಯಕ್ಕೆ ಬಂದರೆ ನಮ್ಮದು ಫುಲ್ ಎಚ್‌ಡಿ ಮಾನಿಟರ್. ಜಿಟಿಎ 5 ಹೈ ಸೆಟ್ಟಿಂಗ್‌ನಲ್ಲಿ ಆರಾಮಾಗಿ ಸೆಕೆಂಡಿಗೆ 60 ಫ್ರೇಮ್ ದಾಟುತ್ತದೆ. ತಮ್ಮನಿಗೆ ಫೋರ್ಜಾ ಹೊರೈಜನ್ 5 ಅಂದರೆ ಪ್ರಾಣ, ಕೆಸರಿನಲ್ಲಿ ಜೀಪ್ ಓಡಿಸುವುದೇ ಅವನ ಕೆಲಸ, ಅದೂ 55-60ರಲ್ಲಿ ನಿಲ್ಲುತ್ತದೆ. ಸೈಬರ್‌ಪಂಕ್ 2077 ಎಫ್‌ಎಸ್‌ಆರ್ (ಸಣ್ಣ ಚಿತ್ರ ಮಾಡಿ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) ಹಾಕಿದರೆ 40ರ ಹತ್ತಿರ, ಅಲ್ಲಿ ನಮ್ಮ ಪ್ರೊಸೆಸರೇ ಸುಸ್ತಾಗುತ್ತದೆ. ಹಳೆ ಕಾರ್ಡಾದರೂ 8 ಜಿಬಿ ಮೆಮೊರಿ ಇರುವುದರಿಂದ ಟೆಕ್ಸ್ಚರ್ (ಗೇಮ್‌ನ ವಸ್ತುಗಳ ಮೇಲ್ಮೈ ಚಿತ್ರ) ಜಾಸ್ತಿ ಇಟ್ಟರೂ ಜಗ್ಗುವುದಿಲ್ಲ. ಕಾರ್ಡಿನ ವೋಲ್ಟೇಜ್ 1150ರಿಂದ 1080 ಮಿಲಿವೋಲ್ಟಿಗೆ ಇಳಿಸಿದೆ, 78 ಡಿಗ್ರಿ ಇದ್ದದ್ದು 70ಕ್ಕೆ ಬಂತು, ಫ್ಯಾನಿನ ಸದ್ದೂ ಕಮ್ಮಿಯಾಯಿತು.

ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದ ಹಾಗೆ ತೋರಿಸುವುದು) ಹಾರ್ಡ್‌ವೇರ್ ಇದರಲ್ಲಿ ಇಲ್ಲ. ಅದು ಕಡ್ಡಾಯ ಅನ್ನುವ ಹೊಸ ಗೇಮ್‌ಗಳನ್ನು ಮರೆತುಬಿಡಿ. 2023ರಲ್ಲೇ ಎಎಂಡಿಯವರು ಈ ತಲೆಮಾರಿನ ಕಾರ್ಡ್‌ಗಳ ಡ್ರೈವರನ್ನು (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಹೊಸ ಕಾರ್ಡ್‌ಗಳದ್ದರಿಂದ ಬೇರೆ ಮಾಡಿದರು, ಈಗ ಅಪ್‌ಡೇಟ್ ಬರುವುದೇ ಅಪರೂಪ. ಅದಕ್ಕೇ ಇವತ್ತು ತಗೊಳ್ಳುವವರಿಗೆ ಹೇಳುತ್ತೇನೆ, 5,000ಕ್ಕಿಂತ ಜಾಸ್ತಿ ಕೊಡಬೇಡಿ, ಕೊಡುವ ಮೊದಲು ನಿಮ್ಮ ಕಣ್ಣೆದುರೇ ಅರ್ಧ ಗಂಟೆ ಗೇಮ್ ಓಡಿಸಿ ನೋಡಿ.