37 ಕೀ ಮೆಲೋಡಿಕಾ, ಮೂರು ಮಳೆಗಾಲ ಆದ್ಮೇಲೆ

ಮೆಲೋಡಿಕಾ ಅಂದ್ರೆ ಬಾಯಲ್ಲಿ ಊದ್ತಾ ಪಿಯಾನೋ ಥರದ ಕೀ ಒತ್ತಿ ಬಾರಿಸೋ ಪುಟ್ಟ ವಾದ್ಯ. ಈ ರಿವ್ಯೂನ ತಗೊಂಡ ವಾರನೇ ಬರೆದಿದ್ರೆ ಐದಕ್ಕೆ ಐದು ಕೊಟ್ಬಿಡ್ತಿದ್ದೆ, ಅದೇ ವರ್ಷ ಜುಲೈನಲ್ಲಿ ಬರೆದಿದ್ರೆ ಅರ್ಧನೂ ಕೊಡ್ತಿರ್ಲಿಲ್ಲ. ತೂಕ ಬಣ್ಣ ಎಲ್ಲ ಬಾಕ್ಸ್ ಮೇಲೇ ಇದೆ, ಅದು ಬಿಡಿ.

ನಾನು ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋನು. ಜಾಝ್ ಹುಚ್ಚು ಹಿಡಿದಿದ್ದು ಫೋನಿಂದ. ಸ್ಯಾಕ್ಸೊಫೋನ್ ರೇಟ್ ನೋಡಿ ತೆಪ್ಪಗಾದೆ, ಪಿಯಾನೋ ಇಡೋಕೆ ನಮ್ಮ ಕ್ವಾರ್ಟರ್ಸಲ್ಲಿ ಜಾಗ ಎಲ್ಲಿ. ಹುಡುಕ್ತಾ ಹೋದ್ರೆ ಜಾಝ್‌ಗೆ ಇಂಥದ್ದೇ ವಾದ್ಯ ಬೇಕು ಅಂತ ಏನೂ ಇಲ್ಲ ಮಾರಾಯ್ರೆ. ಬೆಲ್ಜಿಯಂನ ಟೂಟ್ಸ್ ಥೀಲೆಮನ್ಸ್ ಮೌತ್ ಆರ್ಗನ್ ಊದಿ ಪ್ರಪಂಚಕ್ಕೆಲ್ಲ ಗೊತ್ತಾದ್ರು. ಫಿಲಡೆಲ್ಫಿಯಾದ ರೂಫಸ್ ಹಾರ್ಲಿ 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಅಂತ್ಯಕ್ರಿಯೆನ ಟಿವೀಲಿ ನೋಡ್ತಾ ಬ್ಯಾಗ್‌ಪೈಪ್ ಕೇಳಿ, ಅದನ್ನೇ ತಗೊಂಡು ಜಾಝ್ ನುಡಿಸೋಕೆ ಶುರು ಮಾಡಿದ್ರು. ನಮ್ಮ ಕದ್ರಿ ಗೋಪಾಲನಾಥ್‌ದು ಉಲ್ಟಾ, ಬ್ಯಾಂಡ್‌ನವರ ಸ್ಯಾಕ್ಸೊಫೋನನ್ನ ಕರ್ನಾಟಕ ಸಂಗೀತಕ್ಕೆ ಬಗ್ಗಿಸಿದ್ರು. ಹಾಗಿದ್ಮೇಲೆ ಮೂರೂವರೆ ಸಾವಿರದ ಮೆಲೋಡಿಕಾ ಏನು ಪಾಪ ಮಾಡಿದೆ ಅಂತ ಆರ್ಡರ್ ಹಾಕ್ದೆ.

ಸಂಜೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದು ಮುಗಿಸಿ ಗೋಡೌನ್ ಜಗಲೀಲಿ ಕೂತು ಊದೋದು. ಉದ್ದ ಪೈಪ್ ಹಾಕ್ಕೊಂಡ್ರೆ ಪೆಟ್ಟಿಗೆನ ತೊಡೆ ಮೇಲಿಟ್ಟು ಎರಡು ಕೈಲೂ ಬಾರಿಸಬಹುದು, ನಂಗದೇ ಇಷ್ಟ. ಆದ್ರೆ ನಾಲ್ಕು ಕೀ ಒಟ್ಟಿಗೆ ಒತ್ತಿದ್ರೆ ಉಸಿರು ನಾಲ್ಕು ಬಾಗಿಲಲ್ಲಿ ಓಡೋಗುತ್ತೆ, ನಾಲ್ಕು ಸ್ವರ ಒಟ್ಟಿಗೆ ಬರೋ ಒಂದು ಸೆವೆಂತ್ ಕಾರ್ಡ್ ಹಿಡಿಯೋಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತೆ, ಹಂಗಾಗಿ ಕಾರ್ಡ್‌ನ ಚಕ್ ಅಂತ ಬಾರಿಸಿ ಬಿಟ್ಬಿಡೋದು ಅಭ್ಯಾಸ ಆಯ್ತು, ಆಮೇಲೆ ರೆಕಾರ್ಡ್ ಮಾಡಿ ಕೇಳಿದ್ರೆ ಅದೇ ಚೆನ್ನಾಗಿದೆ! ಮುಗಿದ್ಮೇಲೆ ತುದೀಲಿರೋ ನೀರಿನ ಬಟನ್ ಒತ್ತಿ ಜೋರಾಗಿ ಊದ್ಬೇಕು, ಎಂಜಲು ನೀರು ತೊಟ್ಟಿಕ್ಕುತ್ತೆ. ಆಮೇಲೆ ಥರ್ಮಾಮೀಟರ್ ಒದರೋ ಹಾಗೆ ಎರಡು ಸಲ ಒದರಿ, ಹಳೇ ಬನಿಯನ್ನಲ್ಲಿ ಒರೆಸಿ, ಶೂ ಬಾಕ್ಸಲ್ಲಿ ಬರೋ ಸಿಲಿಕಾ ಪೊಟ್ಟಣದ ಜೊತೆ ಬ್ಯಾಗಿಗೆ ಹಾಕಿ ಒಲೆ ಮೇಲಿನ ಅಟ್ಟದಲ್ಲಿಡ್ತೀನಿ. ಹೊಗೆ ವಾಸನೆ ಬರುತ್ತೆ, ಬರ್ಲಿ.

ಇದೆಲ್ಲ ಕಲಿತಿದ್ದು ಪೆಟ್ಟು ತಿಂದ ಮೇಲೆ. ಮೊದಲ ಜುಲೈ, ಹನ್ನೊಂದು ದಿನ ಬಿಡದೆ ಮಳೆ, ಕರೆಂಟಿಲ್ಲ, ಗೋಡೆ ಮುಟ್ಟಿದ್ರೆ ಕೈ ಒದ್ದೆ. ಒಂದಿನ ತೆಗೆದು ಊದಿದ್ರೆ ನಡೂ ಮಧ್ಯದ ಇ (E) ಸ್ವರದ ಕೀ ಅರ್ಧಕ್ಕೆ ಕೂತ್ಬಿಟ್ಟಿದೆ, ಬಿಟ್ರೂ ಮೇಲಕ್ಕೆ ಬರಲ್ಲ, ಏನು ಬಾರಿಸಿದ್ರೂ ಹಿಂದೆ ಅದೊಂದು ಗೊಂಯ್ ಅಂತಿರುತ್ತೆ. ಅಂಗಡಿಯವರಿಗೆ ಫೋನ್ ಮಾಡಿದ್ರೆ ಒಳಗೆ ತೇವ ಹೋಗಿದ್ರೆ ವಾರಂಟಿ ಬರಲ್ಲ ಸರ್ ಅಂದ್ರು. ಅಲ್ಲ ಸ್ವಾಮಿ, ಬಾಯಲ್ಲಿ ಊದೋ ವಾದ್ಯ ಇದು, ತೇವ ಹೋಗದೆ ಇನ್ನೇನು ಹೋಗುತ್ತೆ? ಮೇಲ್ ಹಾಕಿದ್ದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಸಿಟ್ಟಲ್ಲಿ ಆ ಕೀನ ಬೆರಳಲ್ಲಿ ಅಲ್ಲಾಡಿಸ್ತಾ ಊದ್ತಿದ್ದೆ. ಸ್ವರ ಜಾರೋಕೆ ಶುರುವಾಯ್ತು. ಪೂರ್ತಿ ಒತ್ತಿದ್ರೆ ಸರಿಯಾದ ಇ, ಅರ್ಧಕ್ಕೆ ತಂದು ಗಟ್ಟಿ ಊದಿದ್ರೆ ಕೆಳಗಿಳಿಯುತ್ತೆ, ಅದರ ಕೆಳಗಿನ ಸ್ವರ ಇ ಫ್ಲಾಟ್‌ವರೆಗೂ ಹೋಗದೆ ಮಧ್ಯದಲ್ಲೆಲ್ಲೋ ನರಳುತ್ತೆ. ಜಾಝ್‌ಗೆ ಬೇರಾದ ಬ್ಲೂಸ್ ಸಂಗೀತದವರು ಸಾಯೋದೇ ಆ ಜಾಗಕ್ಕೆ!

ಒಳಗೆ ಅಕ್ಕಿ ಆರಿಸ್ತಿದ್ದ ಅಮ್ಮ ಎದ್ದು ಬಂದ್ರು. ಅವರು ಮದುವೆಗೆ ಮುಂಚೆ ಸಂಗೀತ ಜೂನಿಯರ್ ಪಾಸು, ಅಲ್ಲೀವರೆಗೂ ನನ್ನ ಬ್ಲೂಸ್ ಸ್ಕೇಲ್ ಕೇಳಿ ಬೈಯ್ದಿದ್ದೇ ಬೈಯ್ದಿದ್ದು. ಅದ್ರಲ್ಲಿ ಮ ಸ್ವರದ ಎರಡೂ ರೂಪ, ಶುದ್ಧ ಮಧ್ಯಮ ಪ್ರತಿ ಮಧ್ಯಮ ಪಕ್ಕ ಪಕ್ಕ ಬರುತ್ತಲ್ಲ, ಕರ್ನಾಟಕ ಸಂಗೀತದ 72 ಮೇಳಕರ್ತ (ಮೂಲ ರಾಗ)ದಲ್ಲಿ ಇಂಥದ್ದು ಒಂದಾದ್ರೂ ತೋರಿಸು ಅಂತ ಸವಾಲು ಬೇರೆ. ವಾದ್ಯದ ಮೇಲೂ ಗೌರವ ಇರ್ಲಿಲ್ಲ, ಹಾರ್ಮೋನಿಯಂ ಮರಿ ಅಂತಿದ್ರು. ಸ್ವರ ಕಡ್ಡಿ ಮುರಿದ ಹಾಗೆ ನಿಲ್ಲುತ್ತೆ, ಸ್ವರನ ಅಲುಗಿಸೋ ಗಮಕ ಬರಲ್ಲ ಅಂತ ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂನ ದೂರ ಇಟ್ಟಿದ್ರಲ್ಲ, ಆ ಕಥೆ ನಮ್ಮನೇಲಿ ವಾರಕ್ಕೊಂದ್ಸಲ ಬರೋದು.

ಅವತ್ತು ಮಾತ್ರ ಮೊರ ಕೈಲಿ ಹಿಡ್ಕೊಂಡೇ ನಿಂತು, "ಏ, ಇನ್ನೊಂದ್ಸಲ ಮಾಡೋ. ಗಾಂಧಾರ ಅಲ್ಲಾಡ್ತು" ಅಂದ್ರು.

"ಕೆಟ್ಟೋಗಿದೆ ಅಮ್ಮ ಅದು."

"ಕೆಟ್ಟಿದ್ರೆ ಕೆಡ್ಲಿ, ಸಾಧಾರಣಕ್ಕೂ ಅಂತರಕ್ಕೂ ಮಧ್ಯ ನಿಲ್ಸು ನೋಡಣ."

ಸಾಧಾರಣ, ಅಂತರ ಅಂದ್ರೆ ಗಾಂಧಾರದ ಎರಡು ರೂಪ, ನನ್ನ ಲೆಕ್ಕದಲ್ಲಿ ಇ ಫ್ಲಾಟು, ಇ. ನಿಲ್ಸಿದೆ. ಬೈಗುಳ ಬರ್ಲಿಲ್ಲ, ನಮ್ಮನೇಲಿ ಅದೇ ಪ್ರಶಸ್ತಿ.

ಆದ್ರೂ ಹಿಂದೆ ಗೊಂಯ್ ಅನ್ನೋದನ್ನ ಇಟ್ಕೊಂಡು ಎಷ್ಟು ದಿನ ಅಂತ ಹಾಸನದಲ್ಲಿ ಹಾರ್ಮೋನಿಯಂ ರಿಪೇರಿ ಮಾಡೋ ಒಬ್ರು ಯಜಮಾನರ ಹತ್ರ ತಗೊಂಡೋದೆ. ಅವರು ಮೆಲೋಡಿಕಾ ಕಂಡಿದ್ದೇ ಮೊದಲು, ಆದ್ರೆ ಸ್ಕ್ರೂ ಬಿಚ್ಚಿ ಗಾಳಿಗೆ ಕಂಪಿಸಿ ಸ್ವರ ಕೊಡೋ ಹಿತ್ತಾಳೆ ರೀಡ್‌ಗಳ ಸಾಲು ನೋಡಿದ್ದೇ ನಕ್ಕು, ಇದು ನಮ್ದೇ ಜಾತಿ ಅಂದ್ರು. ಕೀ ಕೆಳಗಿನ ಪ್ಯಾಡ್ ಅಂಟಂಟಾಗಿತ್ತು, ಒರೆಸಿ ಒಣಗಿಸಿದ್ರು. ಎರಡು ರೀಡ್ ಶ್ರುತಿ ಬಿಟ್ಟಿತ್ತು. ರೀಡ್ ಅಡಿಗೆ ತೆಳು ತಗಡಿನ ಚೂರು ತೂರಿಸಿ ಬ್ಲೇಡಲ್ಲಿ ಸವರ್ತಾ, ತುದಿ ಕೆರೆದ್ರೆ ಶ್ರುತಿ ಏರುತ್ತೆ, ಬುಡ ಕೆರೆದ್ರೆ ಇಳಿಯುತ್ತೆ, ಜಾಸ್ತಿ ಕೆರೆದ್ರೆ ತಲೆ ಕೆರ್ಕೋಬೇಕು ಅಂದ್ರು. ಇನ್ನೂರು ರೂಪಾಯಿ ತಗೊಂಡ್ರು. ಇನ್ನೂರು ಜಾಸ್ತಿ ಕೇಳಿದ್ರೂ ಕೊಡ್ತಿದ್ದೆ.

ಕೀ ಸರಿ ಆದ್ಮೇಲೆ ಅದೇ ಜಾರಿಕೆನ ಬೆರಳಲ್ಲಿ ಕಲಿಯೋಕೆ ಎರಡು ತಿಂಗಳು ಬೇಕಾಯ್ತು. ಕೆಳಗಿನ ಸ್ವರಗಳಲ್ಲಿ ಸಲೀಸು, ಮೇಲಕ್ಕೆ ಹೋದಂಗೆ ಕಷ್ಟ. ಬಾಕ್ಸಲ್ಲಿ ಬಂದ ಪುಸ್ತಕದಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ, ಕ್ರಿಸ್‌ಮಸ್ ಹಾಡಿನ ನೋಟ್ಸ್ ಮಾತ್ರ ಕೊಟ್ಟಿದಾರೆ.

ಮಲೆನಾಡಿನವ್ರು ತಗೊಳೋದಾದ್ರೆ ಹೂಮಳೆಗೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಮುಂಚೆ ತಗೊಂಡು ಕೈ ಕುದುರಿಸ್ಕೊಳ್ಳಿ, ಜೂನ್‌ನಿಂದ ದಿನಾ ಹತ್ತು ನಿಮಿಷನಾದ್ರೂ ಊದಿ, ಸುಮ್ನೆ ಇಟ್ರೇನೇ ಜಾಸ್ತಿ ಕೆಡೋದು. ಬಯಲುಸೀಮೆಯವ್ರಿಗೆ ಈ ರಗಳೆ ಕಮ್ಮಿ. ನನ್ನ ಲೆಕ್ಕದಲ್ಲಿ ವಾದ್ಯಕ್ಕೆ ನಾಲ್ಕು, ವಾರಂಟಿಗೆ ಸೊನ್ನೆ.

ಅಂದಹಾಗೆ ಉದ್ದ ಪೈಪ್ ಒಂದೇ ಬಿಡಿಯಾಗಿ ಎಲ್ಲಾದ್ರೂ ಸಿಗುತ್ತಾ? ಅಟ್ಟದಲ್ಲಿಟ್ಟಿದ್ದನ್ನ ಇಲಿ ಕಡಿದಿದೆ, ಸದ್ಯಕ್ಕೆ ಸೈಕಲ್ ಪಂಕ್ಚರ್ ಪ್ಯಾಚ್ ಹಾಕ್ಕೊಂಡು ಊದ್ತಿದೀನಿ.